ಕತ್ತಿನ ಹಿಂದಿನ ಕಪ್ಪು

ಚೆನ್ನೈ
27 ಜೂನ್ 1999

ಪ್ರೀತಿಯ ಅಪ್ಪನಿಗೆ ನಮಸ್ಕಾರ.

‘ತೀರ್ಥರೂಪ’ ಎಂದು ಶುರು ಮಾಡಬೇಕೆಂದು ನೀವು ಹೇಳಿಕೊಟ್ಟಿದ್ದಿರಿ. ಬರೆದಾಗಲೆಲ್ಲ ಅರ್ಕಾವೊತ್ತು ತಪ್ಪು ಜಾಗದಲ್ಲಿ ಕೂತಿತು. ಅಮ್ಮ ನಕ್ಕು, “ಪ್ರೀತಿಯ ಅಪ್ಪ ಅಂತಲೇ ಬರಿ, ಅವರಿಗೆ ಅದೇ ಇಷ್ಟ” ಎಂದಳು. ಕನ್ನಡದಲ್ಲಿ ಬರೆಯದಿದ್ದರೆ ಉತ್ತರ ಬರುವುದಿಲ್ಲ ಎಂದು ಸೆಂಟ್ರಲ್ ಸ್ಟೇಷನ್ನಿನಲ್ಲಿ ಬೆದರಿಸಿ ವರ್ಗವಾಗಿ ರಾಯಚೂರಿನ ರೈಲು ಹತ್ತಿದಿರಲ್ಲ, ಅದಕ್ಕೇ ಇಷ್ಟು ಕಷ್ಟಪಡುತ್ತಿದ್ದೇನೆ. ತಪ್ಪುಗಳನ್ನು ಅಮ್ಮ ತಿದ್ದುತ್ತಾಳೆ.

ಒಂಬತ್ತನೇ ಕ್ಲಾಸು ಶುರುವಾಯಿತು. ಸ್ಕೂಲಿಗೆ ಹೋಗುವುದು, ಬರುವುದು ಆಟೋದಲ್ಲಿ. ಅಮ್ಮ ಬ್ಯಾಂಕಿನಿಂದ ಬರುವುದು ಏಳು ಗಂಟೆಗೆ. ಅಲ್ಲಿಯವರೆಗೆ ಬೀದಿ ತುದಿಯ ಬೇಕರಿಯ ಪಫ್ಸ್, ಕೇಬಲ್ ಟಿವಿ, ಆಮೇಲೆ ಟ್ಯೂಷನ್. ನಿಮ್ಮ ಕುರ್ಚಿ ಈಗ ನನ್ನದು.

ಪಿ.ಟಿ. ಪೀರಿಯಡ್ಡಿನಲ್ಲಿ ಈ ವರ್ಷ ಥ್ರೋಬಾಲ್ ಆಡಿಸುತ್ತಾರೆ. ನೆಟ್ಟಿನ ಎರಡೂ ಕಡೆ ಏಳೇಳು ಹುಡುಗಿಯರು. ಬಂದ ಚೆಂಡನ್ನು ಹಿಡಿದು ತಕ್ಷಣ ಆಚೆಗೆ ಎಸೆಯಬೇಕು, ಕೈತಪ್ಪಿದರೆ ಅವರಿಗೆ ಪಾಯಿಂಟು. ನಾನೂ ಟೀಮಿನಲ್ಲಿದ್ದೇನೆ. ಗ್ಲೋರಿ ಮಿಸ್ ನನಗೆ ದೊಡ್ಡ ಜವಾಬ್ದಾರಿ ವಹಿಸಿದ್ದಾರೆ.

ಅಲ್ಲಿ ಊಟ ಹೇಗೆ? ಬೆಳಗಿನ ವಾಕಿಂಗ್ ಶುರು ಮಾಡಿದಿರಾ?

ನಿಮ್ಮ,
ಕೃತಿ


ರಾಯಚೂರು
11 ಜುಲೈ 1999

ನನ್ನ ಗುಂಡುಮರಿ ಕೃತಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಮ್ಮ ವಿಮಾ ಕಚೇರಿಯ ಅರ್ಧ ಜನಕ್ಕೆ ಓದಿ ಹೇಳಿದೆ. ಪಕ್ಕದ ಮೇಜಿನ ಅಂದಾನಿ, “ಮದ್ರಾಸಿನ್ಯಾಗ ಬೆಳದ ಹುಡುಗಿ ಇಷ್ಟ್ ಚಂದ ಕನ್ನಡ ಬರದಾಳಲ್ರೀ ಸಾಹೇಬ್ರ” ಎಂದು ತಲೆದೂಗಿದರು. ಅಮ್ಮ ತಿದ್ದಿದ ವಿಷಯ ನಾನು ಬಾಯಿ ಬಿಡಲಿಲ್ಲ.

ಟೀಮಿಗೆ ಸೇರಿದ್ದು ಕೇಳಿ ಎದೆ ಉಬ್ಬಿತು. ಆದರೆ ಆಟದ ಹುಮ್ಮಸ್ಸಿನಲ್ಲಿ ಊಟ ಬಿಡಬೇಡ. ಓದುವ ತಲೆಗೆ ತುಪ್ಪ ಬೇಕು, ಬೆಳೆಯುವ ಮೈಗೆ ಬೆಣ್ಣೆ ಬೇಕು. ನೀನು ಸೊರಗಿದರೆ ಹಬ್ಬಕ್ಕೆ ಬಂದಾಗ ನನಗೆ ಗುರುತೇ ಸಿಗುವುದಿಲ್ಲ. ಅಂದಾನಿಯವರ ಕಡೆಯವರು ಮುಂದಿನ ವಾರ ಚೆನ್ನೈಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಡಬ್ಬಿ ಕರದಂಟು, ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸುತ್ತಿದ್ದೇನೆ. ಎಲ್ಲ ನಿನಗೇ.

ನನ್ನ ಚಿಂತೆ ಬೇಡ. ದಿನಾ ಬೆಳಗ್ಗೆ ಇಲ್ಲಿಯ ಕೋಟೆಯವರೆಗೆ ನಡೆದು ಬರುತ್ತೇನೆ. ಗಾಳಿ ಚೆನ್ನಾಗಿದೆ.

ಇತಿ,
ಅಪ್ಪ


ಚೆನ್ನೈ
5 ಸೆಪ್ಟೆಂಬರ್ 1999

ಅಪ್ಪನಿಗೆ,

ತಡವಾಯಿತು. ಟೆಸ್ಟುಗಳಿದ್ದವು.

ಡಬ್ಬಿಗಳು ಬಂದವು. ಖಾಲಿಯೂ ಆದವು. ಇನ್ನು ಮೇಲೆ ಕಳಿಸಬೇಡಿ. ಇನ್ನೊಂದು ವಿಷಯ, ಕಾಗದದಲ್ಲಿ ‘ಗುಂಡುಮರಿ’ ಎಂದು ಬರೆಯಬೇಡಿ. ಫೋನಿನಲ್ಲೂ ಹಾಗೆ ಕರೆಯಬೇಡಿ.

ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ.

ಕೃತಿ


ರಾಯಚೂರು
18 ಸೆಪ್ಟೆಂಬರ್ 1999

ಕುಮಾರಿ ಕೃತಿ ಮಧುಸೂದನ್ ಅವರಿಗೆ,

ಅಪ್ಪಣೆಯಂತೆ ಹೆಸರು ಬದಲಾಯಿಸಿದ್ದೇನೆ. ದೊಡ್ಡವಳಾದೆ ಎಂದು ಒಪ್ಪಿಕೊಂಡೆ, ಈಗ ಕೋಪ ಇಳಿಯಿತೇ?

ನಿನ್ನ ಕಾಗದ ಬಹಳ ಸಣ್ಣದಾಗಿತ್ತು. ದಣಿದು ಬರೆದ ಹಾಗೆ ಕಾಣುತ್ತಿತ್ತು. ಕಾರಣ ನನಗೆ ಹೊಳೆಯಿತು. ಥ್ರೋಬಾಲು ಹೆಚ್ಚಾಗಿದೆ. ಮುಂದಿನ ವರ್ಷ ಹತ್ತನೇ ಕ್ಲಾಸು. ಬಿಸಿಲಿನಲ್ಲಿ ಓಡಾಡಿ ಸುಸ್ತಾಗುವ ಬದಲು ಆಟ ಬಿಟ್ಟು ಓದಿನ ಕಡೆ ನೋಡು. ಟೀಮಿನವರು ಬೇಸರ ಮಾಡಿಕೊಂಡರೆ ನಾನೇ ನಿಮ್ಮ ಮಿಸ್ಸಿಗೆ ಬರೆಯುತ್ತೇನೆ.

ಇಲ್ಲಿ ಎಲ್ಲ ಕ್ಷೇಮ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ, ಈ ಊರಿನ ಹಾಲೇ ಸಿಹಿ. ದೀಪಾವಳಿಗೆ ಖಂಡಿತ ಬರುತ್ತೇನೆ.

ಇತಿ,
ಅಪ್ಪ


ಚೆನ್ನೈ
14 ನವೆಂಬರ್ 1999

ಅಪ್ಪ,

ಈ ಕಾಗದವನ್ನು ಅಮ್ಮ ತಿದ್ದಿಲ್ಲ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತು, ಏನು ಬರೆಯುತ್ತಿದ್ದೇನೆಂದು ಗೊತ್ತಿಲ್ಲ.

ಹಬ್ಬದ ಬೆಳಗ್ಗೆ ನೀವು ಅಂಗಿ ಬಿಚ್ಚಿ ಮಣೆಯ ಮೇಲೆ ಕೂತಿದ್ದಿರಿ. ಅಮ್ಮ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಸೀಗೇಪುಡಿ ಹಿಡಿದು ಹಿಂದೆ ನಿಂತಿದ್ದೆ. ನಿಮ್ಮ ಕತ್ತಿನ ಹಿಂದೆ, ಕಾಲರು ಮುಚ್ಚುವ ಜಾಗದಲ್ಲಿ, ಕಪ್ಪಗೆ ದಪ್ಪಗೆ ಒಂದು ಪಟ್ಟಿ ಕಂಡಿತು. ನನ್ನ ಕತ್ತಿನಲ್ಲೂ ಅಂಥದ್ದೇ ಇದೆ. ನಿಮಗೆ ಕಾಣಬಾರದೆಂದು ಹಬ್ಬದ ದಿನವೆಲ್ಲ ಜಡೆ ಹಾಕದೆ ಕೂದಲು ಹರಡಿಕೊಂಡಿದ್ದೆ.

ಅಮ್ಮ ಅದನ್ನು ಕೊಳೆ ಅಂದುಕೊಂಡು ಪ್ರತಿ ಭಾನುವಾರ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದಳು. ಉರಿಯುತ್ತಿತ್ತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು, ಇವಳು ಸ್ನಾನ ಮಾಡುವುದಿಲ್ಲ ಎಂದು ನನಗೆ ಕೇಳಿಸುವಂತೆಯೇ ಪಿಸುಗುಟ್ಟುತ್ತಿದ್ದರು. ಆಗಸ್ಟಿನಲ್ಲಿ ಆರೋಗ್ಯ ತಪಾಸಣೆಗೆ ಬಂದವರು ಎಲ್ಲರ ಎದುರಿಗೆ ತೂಕ ನೋಡಿ, ಬರೆದುಕೊಳ್ಳುವವರಿಗೆ ಕೇಳಲಿ ಎಂದು ಗಟ್ಟಿಯಾಗಿ ಕೂಗಿದರು. ಕ್ಲಾಸೆಲ್ಲ ನಕ್ಕಿತು. ಮಾರನೆಯ ದಿನದಿಂದ ಮಧ್ಯಾಹ್ನ ಡಬ್ಬಿ ತೆರೆಯುವುದನ್ನೇ ಬಿಟ್ಟೆ. ಸಂಜೆ ಹಸಿವು ತಡೆಯಲಾಗದೆ ಬೇಕರಿಯಲ್ಲಿ ಸಿಕ್ಕಿದ್ದೆಲ್ಲ ತಿಂದೆ. ನೀವು ಕಳಿಸಿದ ಡಬ್ಬಿಗಳೂ ಹಾಗೇ ಮುಗಿದದ್ದು. ಒಂದು ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬಿದ್ದೆ.

ಅಮ್ಮ ಇಲ್ಲೇ ನುಂಗಂಬಾಕ್ಕಂನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊದಲು ನೋಡಿದ್ದೇ ಕತ್ತನ್ನು. “ಇದು ಕೊಳೆ ಅಲ್ಲಮ್ಮ, ಉಜ್ಜಬೇಡಿ” ಎಂದರು. ಒಳಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹೊರಗೆ ಚರ್ಮ ಹೀಗೆ ಕಪ್ಪಾಗುತ್ತದಂತೆ. ಈಗ ಕಾಯಿಲೆ ಇಲ್ಲ, ಆದರೆ ತೂಕ ಹೀಗೇ ಏರುತ್ತಾ ಹೋದರೆ ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆ ಬರಬಹುದಂತೆ. “ಮನೆಯಲ್ಲಿ ಯಾರಿಗಾದರೂ ಇದೆಯಾ?” ಎಂದು ಕೇಳಿದರು. ಅಮ್ಮ ಇಲ್ಲ ಎಂದಳು. ಹೊರಗೆ ಬಂದ ಮೇಲೆ, “ಅಪ್ಪನಿಗೆ ಬರೀಬೇಡ ಕೃತಿ, ಒಬ್ಬರೇ ಇದ್ದಾರೆ, ಯೋಚನೆ ಹಚ್ಚಿಕೊಳ್ತಾರೆ” ಎಂದಳು.

ಇದೆಯಾ ಅಪ್ಪ? ಹಬ್ಬದ ದಿನ ಅಮ್ಮ ಒಳಗೆ ಹೋದಾಗ ನಿಮ್ಮ ಜಾಮೂನನ್ನು ನನ್ನ ತಟ್ಟೆಗೆ ದಾಟಿಸಿದಿರಿ. ನಿಮ್ಮ ಚೀಲದಲ್ಲಿ ಮಾತ್ರೆಗಳಿದ್ದವು. ಮಹಡಿ ಹತ್ತುವಾಗ ಕೀಲಿಕೈ ಹುಡುಕುವ ನೆಪದಲ್ಲಿ ನಡುವೆ ನಿಂತಿರಿ. ನಾನೂ ಹಾಗೇ ನಿಲ್ಲುತ್ತೇನೆ, ನನ್ನ ನೆಪ ಚಪ್ಪಲಿಯ ಪಟ್ಟಿ.

ನಾನು ಟೀಮಿನಲ್ಲಿಲ್ಲ. ಮೆಟ್ಟಿಲ ಮೇಲೆ ಕೂತು ಸ್ಕೋರು ಬರೆಯುತ್ತೇನೆ. ದೊಡ್ಡ ಜವಾಬ್ದಾರಿ ಅಂದದ್ದು ಅದನ್ನೇ.

ಕೃತಿ


ರಾಯಚೂರು
22 ನವೆಂಬರ್ 1999

ಮಗಳೇ,

ಇದೆ. ಜುಲೈ ಕೊನೆಯಲ್ಲಿ ಗೊತ್ತಾಯಿತು. ಕಚೇರಿಯಲ್ಲಿ ಕಣ್ಣು ಮಂಜಾಗಿ ಕೂತುಬಿಟ್ಟಾಗ ಅಂದಾನಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಿಮ್ಮಿಬ್ಬರಿಗೆ ಹೇಳಿದರೆ ನಿನ್ನ ಓದು ಕೆಡುತ್ತದೆ, ಅಮ್ಮ ಕೆಲಸ ಬಿಟ್ಟು ಇಲ್ಲಿಗೆ ಬಂದುಬಿಡುತ್ತಾಳೆ ಎಂದು ಸುಮ್ಮನಿದ್ದೆ. ನಿನ್ನ ಕಾಗದ ಓದಿದ ಸಂಜೆಯೇ ಎಸ್‌ಟಿಡಿ ಬೂತಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಮೊದಲು ಅತ್ತಳು, ಆಮೇಲೆ ಚೆನ್ನಾಗಿ ಬೈದಳು. ಬೈದದ್ದರಿಂದ ನನಗೆ ಸಮಾಧಾನವಾಯಿತು.

ಕೋಟೆಯವರೆಗೆ ನಾನು ಒಂದು ದಿನವೂ ನಡೆದಿಲ್ಲ. ಕೋಟೆ ನನಗೆ ಕಚೇರಿಯ ಕಿಟಕಿಯಿಂದ ಕಾಣುತ್ತದೆ, ಅಷ್ಟೇ. ಖಾನಾವಳಿಯಲ್ಲಿ ಉಣ್ಣುವುದು, ಕೂತು ಕೆಲಸ ಮಾಡುವುದು, ಬಂದು ಮಲಗುವುದು.

ನಿನಗೆ ನನ್ನ ಮೂಗು ಬಂದಿದೆ ಎಂದು ಎಲ್ಲರಿಗೂ ತೋರಿಸಿಕೊಂಡು ತಿರುಗಿದವನು ನಾನು. ಕತ್ತೂ ಬಂದಿದೆ ಎಂದು ತಿಳಿದಿರಲಿಲ್ಲ. ನೀನು ಚೆಂದ ಕಾಣುತ್ತೀಯ ಎಂಬ ಅರ್ಥದಲ್ಲಿ ಆ ಹೆಸರು ಕರೆಯುತ್ತಿದ್ದೆ. ಅದೇ ಮಾತನ್ನು ಹೊರಗಿನವರು ಬೇರೆ ಅರ್ಥದಲ್ಲಿ ಆಡುತ್ತಾರೆಂದು ನನಗೆ ಹೊಳೆಯಲಿಲ್ಲ.

ಇನ್ನು ಮೇಲೆ ನಡೆದದ್ದನ್ನು ಮಾತ್ರ ಬರೆಯೋಣ. ನಾಳೆ ಬೆಳಗ್ಗೆ ಅಂದಾನಿ ಬಂದು ಬಾಗಿಲು ಬಡಿಯುತ್ತಾರಂತೆ. “ನೀವು ಎದ್ದು ಬರೂತನಾ ನಾ ಬಾಗಲಾ ಬಿಡಾಂಗಿಲ್ಲ” ಎಂದಿದ್ದಾರೆ. ನೀನು ಮೆಟ್ಟಿಲಿನಿಂದ ಎದ್ದು ಗ್ಲೋರಿ ಮಿಸ್ ಹತ್ತಿರ ಹೋಗು. ಆಟ ಬಿಡು ಎಂದು ಬರೆದಿದ್ದೆನಲ್ಲ, ಆ ಮಾತು ವಾಪಸ್ಸು.

ಅಪ್ಪ


ಚೆನ್ನೈ
30 ಜನವರಿ 2000

ಪ್ರೀತಿಯ ಅಪ್ಪನಿಗೆ,

ಹೋದೆ. ಗ್ಲೋರಿ ಮಿಸ್, “ಏಳನೇ ಕ್ಲಾಸಿನಲ್ಲಿ ನೀನೇ ತಾನೇ ಬಂದು, ಕಾಲು ನೋವು, ಕೂತುಕೊಳ್ತೀನಿ ಅಂದದ್ದು? ನಿನಗೆ ಕೂರುವುದೇ ಇಷ್ಟ ಅಂದುಕೊಂಡಿದ್ದೆ” ಎಂದರು. ಅದು ನಿಜ. ಓಟದಲ್ಲಿ ಕೊನೆಯವಳಾದ ದಿನ ಹಾಗೆ ಕೇಳಿದ್ದೆ.

ಮೊದಲ ವಾರ ಬೆರಳುಗಳು ಊದಿಕೊಂಡವು. ಚೆಂಡು ನನ್ನ ಕಡೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಟೀಮಿನ ಕ್ಯಾಪ್ಟನ್ ಕಯಲ್‌ವಿಳಿ ಮುಖ ಸಿಂಡರಿಸಿದಳು. ಆದರೆ ಒಂದು ದಿನ ಸಿಟ್ಟಿನಲ್ಲಿ ಎಸೆದ ಚೆಂಡು ನೆಟ್ಟು ದಾಟಿ, ಅಂಕಣ ದಾಟಿ, ಕಾಂಪೌಂಡು ಗೋಡೆಗೆ ಬಡಿಯಿತು. ಕಯಲ್‌ವಿಳಿ ಚೆಂಡು ತಂದು ನನ್ನ ಕೈಗಿಟ್ಟು, “ತಿರುಂಬ ಪೋಡು” ಎಂದಳು. ಮತ್ತೆ ಎಸೆ ಅಂತ. ನನ್ನ ತೋಳಿಗೆ ಇಷ್ಟು ಬಲ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಅಭ್ಯಾಸಕ್ಕೆ ಜಾಗ ಬೇಕಾಗಿತ್ತು. ನಮ್ಮ ಫ್ಲ್ಯಾಟಿನ ಹಿತ್ತಲು ನಿಮಗೆ ಗೊತ್ತಲ್ಲ, ತುಂಬ ಸ್ಕೂಟರುಗಳು, ಗೋಡೆಯ ಮೇಲೆ ‘ಮಕ್ಕಳು ಆಡಬಾರದು’ ಎಂಬ ಬೋರ್ಡು. ನಾನು ಮತ್ತು ಕೆಳಮನೆಯ ಮಕ್ಕಳು ಚೆಂಡು ಹಿಡಿದು ಇಳಿದ ದಿನವೇ ಸೆಕ್ರೆಟರಿ ಶ್ರೀನಿವಾಸನ್ ಮಾಮ ಕೂಗಾಡಿದರು. ಮುಂದಿನ ಮೀಟಿಂಗಿಗೆ ಅಮ್ಮ ಹೋದಳು. ಯಾವತ್ತೂ ಬಾಯಿ ಬಿಡದ ಅಮ್ಮ ಎದ್ದು ನಿಂತು, ತನ್ನ ತಪ್ಪು ತಮಿಳಿನಲ್ಲೇ, “ನಮ್ಮ ಮಕ್ಕಳು ಮನೆಗೆ ಬಂದರೆ ಟಿವಿ ಮುಂದೆ ಕೂರ್ತಾರೆ ಅಂತ ನಾವೇ ಬೈತೀವಿ, ಕೆಳಗೆ ಇಳಿದರೂ ನಾವೇ ಬೈತೀವಿ. ಅವರು ಎಲ್ಲಿ ಇರಬೇಕು, ನೀವೇ ಹೇಳಿ” ಎಂದಳು. ಕೊನೆಗೆ ಮಾಮ, ಸಂಜೆ ಒಂದು ಗಂಟೆ ಹೊತ್ತು ಗಾಡಿಗಳನ್ನು ಮುಂಭಾಗದಲ್ಲಿ ನಿಲ್ಲಿಸೋಣ ಎಂದರು. ಈಗ ಬಟ್ಟೆ ಒಣಹಾಕುವ ಹಗ್ಗವೇ ನಮ್ಮ ನೆಟ್ಟು. ಬೋರ್ಡು ಹಾಗೇ ಇದೆ, ಅದರ ಕೆಳಗೇ ಆಡುತ್ತೇವೆ.

ಡಾಕ್ಟರು ತೂಕ ಇಳಿಸುವ ಮಾತೇ ಆಡಲಿಲ್ಲ. “ಇವಳು ಇನ್ನೂ ಎತ್ತರ ಬೆಳೀತಿದ್ದಾಳೆ, ತೂಕ ಇದ್ದಲ್ಲೇ ನಿಂತರೂ ಸಾಕು. ಊಟ ಬಿಡಿಸಬೇಡಿ. ಇವಳೊಬ್ಬಳಿಗೇ ಬೇರೆ ಅಡುಗೆ ಮಾಡಬೇಡಿ, ಮನೆಯೆಲ್ಲ ಒಂದೇ ಊಟ ಮಾಡಿ” ಎಂದರು. ಹಾಗಾಗಿ ಅಮ್ಮನೂ ನನ್ನ ಜೊತೆ ಸಿಕ್ಕಿಬಿದ್ದಿದ್ದಾಳೆ. ಭಾನುವಾರ ಇಬ್ಬರೂ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ವಾರದ ತರಕಾರಿ ಹೊತ್ತು ತರುತ್ತೇವೆ. ಮನೆಗೆ ರಾಗಿ ಬಂದಿದೆ. ಉಣ್ಣುವಾಗ ಟಿವಿ ಇಲ್ಲ, ಮೊದಮೊದಲು ಏನು ಮಾತಾಡಬೇಕೆಂದೇ ತೋಚದೆ ಇಬ್ಬರೂ ಸಾರು ನೋಡುತ್ತಾ ಕೂತಿರುತ್ತಿದ್ದೆವು. ಆಟೋ ಬಿಟ್ಟಿದ್ದೇನೆ, ಕಯಲ್‌ವಿಳಿಯ ಜೊತೆ ನಡೆದು ಹೋಗುತ್ತೇನೆ. ಹೋದ ವಾರ ಗಣಿತದಲ್ಲಿ ಕಡಿಮೆ ಬಂದ ದಿನ ಬೇಕರಿಗೆ ಹೋಗಿ ಹೊಟ್ಟೆ ಕೆಡುವಷ್ಟು ತಿಂದೆ. ನಡೆದದ್ದನ್ನು ಬರೆಯಬೇಕು ಅಂದಿದ್ದೀರಲ್ಲ, ಅದಕ್ಕೇ ಬರೆದೆ. ಮಾರನೆಯ ದಿನ ಮತ್ತೆ ಆಟಕ್ಕೆ ಹೋದೆ.

ನಿಮ್ಮ,
ಕೃತಿ


ರಾಯಚೂರು
19 ಮಾರ್ಚ್ 2000

ಪ್ರೀತಿಯ ಕೃತಿಗೆ,

ಈ ಕಾಗದವನ್ನು ಕೋಟೆಯ ಬೆಟ್ಟದ ತುದಿಯಲ್ಲಿ ಬಂಡೆಗೆ ಒರಗಿ ಬರೆಯುತ್ತಿದ್ದೇನೆ. ಗಾಳಿಗೆ ಹಾಳೆ ನಿಲ್ಲುತ್ತಿಲ್ಲ, ಅಂದಾನಿ ಒಂದು ತುದಿ ಹಿಡಿದಿದ್ದಾರೆ. ಅಕ್ಷರ ಸೊಟ್ಟಗಾದರೆ ಅವರನ್ನು ಬೈಯಬೇಕು.

ಡಿಸೆಂಬರಿನಲ್ಲಿ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲೇ ಸುಸ್ತಾಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ನಡುವಿನವರೆಗೆ ಏರಿ, ಅಲ್ಲೊಂದು ಕಲ್ಲಿನ ಮೇಲೆ ಕೂತು ಮೇಲೆ ಹೋಗುವ ಶಾಲೆಯ ಮಕ್ಕಳನ್ನು ನೋಡುತ್ತಿದ್ದೆ. ನಡುವೆ ಕೆಲವು ದಿನ ಬೇಸತ್ತು ಹೊದ್ದು ಮಲಗಿದ್ದೂ ಉಂಟು. ಇವತ್ತು ಅಂದಾನಿ ಮಾತಾಡಿಸುತ್ತಾ ಬಂದರು, ನಾನು ಉತ್ತರ ಕೊಡುತ್ತಾ ಬಂದೆ, ನೋಡಿದರೆ ಮುಂದೆ ಏರಲು ಬೆಟ್ಟವೇ ಇರಲಿಲ್ಲ. ಕೆಳಗೆ ಊರೆಲ್ಲ ಕಾಣುತ್ತಿದೆ, ಕೆರೆ ಕಾಣುತ್ತಿದೆ. ರಾಯಚೂರು ಇಷ್ಟು ಚೆಂದ ಇದೆ ಎಂದು ಈವರೆಗೂ ನನಗೆ ತಿಳಿದಿರಲಿಲ್ಲ.

ಸಕ್ಕರೆ ಹತೋಟಿಗೆ ಬಂದಿದೆ. ಮಾತ್ರೆ ಇದ್ದೇ ಇದೆ, ಆದರೆ ಡಾಕ್ಟರು ಈ ಸಲ ಹುಬ್ಬು ಗಂಟಿಕ್ಕಲಿಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪಲ್ಯ ಕೇಳಿ ಹಾಕಿಸಿಕೊಳ್ಳುತ್ತೇನೆ.

ಬೇಕರಿಯ ವಿಷಯ ಬರೆದದ್ದಕ್ಕೆ ಸಂತೋಷ. ಮಾರನೆಯ ದಿನ ಆಟಕ್ಕೆ ಹೋದದ್ದಕ್ಕೆ ಇನ್ನೂ ಸಂತೋಷ.

ಇತಿ,
ಬೆಟ್ಟದ ಮೇಲಿನ ಅಪ್ಪ


ಚೆನ್ನೈ
18 ಜೂನ್ 2000

ಪ್ರೀತಿಯ ಅಪ್ಪನಿಗೆ,

ಮೊದಲು ಒಳ್ಳೆಯ ಸುದ್ದಿ. ಡಾಕ್ಟರು ರಕ್ತ ಪರೀಕ್ಷೆ ನೋಡಿ, ಎಲ್ಲ ಸರಿಯಾದ ಮಟ್ಟಕ್ಕೆ ಬಂದಿದೆ ಎಂದರು. ನಾನು ಎತ್ತರವಾಗಿದ್ದೇನೆ, ತೂಕ ಹೆಚ್ಚು ಕಡಿಮೆ ಇದ್ದಷ್ಟೇ ಇದೆ. ಕತ್ತಿನ ಕಪ್ಪು ತಿಳಿಯಾಗುತ್ತಿದೆ. ಯಾರೂ ಉಜ್ಜಿಲ್ಲ. ನಾನು ತೆಳ್ಳಗಿನ ಹುಡುಗಿ ಆಗಿಲ್ಲ, ಆಗುವ ಹಾಗೂ ಕಾಣುವುದಿಲ್ಲ. ಆದರೆ ಮೂರನೇ ಮಹಡಿಗೆ ಮಾತಾಡುತ್ತಲೇ ಹತ್ತುತ್ತೇನೆ.

ಈಗ ಕೆಟ್ಟ ಸುದ್ದಿ. ಹತ್ತನೇ ಕ್ಲಾಸಿನವರಿಗೆ ಪಿ.ಟಿ. ಇಲ್ಲವಂತೆ. ಆ ಪೀರಿಯಡ್ಡುಗಳನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದಾರೆ. ಆಗಸ್ಟಿನಲ್ಲಿ ವಲಯ ಮಟ್ಟದ ಪಂದ್ಯಾವಳಿ ಇದೆ. ಗ್ಲೋರಿ ಮಿಸ್ ನನ್ನ ಹೆಸರು ಏಳು ಜನರಲ್ಲಿ ಸೇರಿಸಿದ್ದಾರೆ ಅಪ್ಪ. ಸ್ಕೋರು ಬರೆಯಲು ಅಲ್ಲ. ಆದರೆ ತಂದೆ ತಾಯಿ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ ಹತ್ತನೆಯವರನ್ನು ಬಿಡುವುದಾಗಿ ಹೆಡ್‌ಮಿಸ್ ಹೇಳಿದ್ದಾರೆ. ಅಮ್ಮ ಎರಡು ಮನಸ್ಸಿನಲ್ಲಿದ್ದಾಳೆ. “ಪಬ್ಲಿಕ್ ಪರೀಕ್ಷೆ ಕಣೇ, ಒಂದು ವರ್ಷ ತಾನೇ, ಅಪ್ಪ ಏನಂತಾರೋ ನೋಡೋಣ” ಅನ್ನುತ್ತಾಳೆ. ಒಂದು ವರ್ಷ ಕೂತರೆ ಮತ್ತೆ ಏಳುತ್ತೇನೋ ಇಲ್ಲವೋ ಎಂದು ನನಗೆ ಭಯ.

ನೀವೇ ಹೇಳಬೇಕು.

ಕೃತಿ


ರಾಯಚೂರು
24 ಜೂನ್ 2000

ಕೃತಿ,

ಹೆಡ್‌ಮಿಸ್ಸಿಗೆ ಬರೆದ ಒಪ್ಪಿಗೆಯ ಕಾಗದ ಇದರೊಳಗಿದೆ. ‘ನನ್ನ ಮಗಳ ಪರೀಕ್ಷೆಯಷ್ಟೇ ಅವಳ ಆರೋಗ್ಯವೂ ನನಗೆ ಮುಖ್ಯ. ಆಟದಿಂದ ಅವಳ ಅಂಕ ಕಡಿಮೆಯಾದರೆ ಜವಾಬ್ದಾರಿ ನನ್ನದು’ ಎಂದು ಬರೆದಿದ್ದೇನೆ. ಅಮ್ಮನೊಂದಿಗೂ ಮಾತಾಡಿದೆ. ನಲವತ್ತೈದನೇ ವಯಸ್ಸಿಗೆ ಬೆಟ್ಟ ಏರಲು ಕಲಿಯುವುದು ಎಷ್ಟು ಕಷ್ಟ ಎಂದು ಅವಳಿಗೆ ವಿವರಿಸಿದೆ. ಕೊನೆಗೆ, “ಪಂದ್ಯದ ದಿನ ರಜ ಹಾಕ್ತೀನಿ” ಎಂದಳು.

ಹೋಗಿ ಆಡು.

ಅಪ್ಪ


ಚೆನ್ನೈ
20 ಆಗಸ್ಟ್ 2000

ಪ್ರೀತಿಯ ಅಪ್ಪನಿಗೆ,

ಗೆದ್ದೆವು ಎಂದು ಅಮ್ಮ ಫೋನಿನಲ್ಲಿ ಹೇಳಿಬಿಟ್ಟಿದ್ದಾಳೆ. ಹೇಗೆ ಎಂದು ಹೇಳಲು ನಾನು ಬಿಟ್ಟಿಲ್ಲ. ಅದು ನನ್ನ ಪಾಲಿನದು.

ಪಂದ್ಯ ನಡೆದದ್ದು ಟ್ರಿಪ್ಲಿಕೇನ್ ಕಡೆಯ ಒಂದು ಮೈದಾನದಲ್ಲಿ, ಸಮುದ್ರದ ಗಾಳಿ ಬರುವಷ್ಟು ಹತ್ತಿರ. ಫೈನಲ್ಲಿಗೆ ಎದುರು ಬಂದವರು ಕಳೆದ ವರ್ಷ ಗೆದ್ದವರು. ಎಲ್ಲರೂ ಎತ್ತರ, ಎಲ್ಲರೂ ಚುರುಕು. ಮೊದಲ ಸೆಟ್ಟು ಅವರು ತೆಗೆದುಕೊಂಡರು, ಎರಡನೆಯದು ನಾವು. ಮೂರನೆಯದರಲ್ಲಿ ಅವರ ಕ್ಯಾಪ್ಟನ್ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು. ಆಮೇಲೆ ಪ್ರತಿ ಚೆಂಡೂ ನನ್ನ ಮೂಲೆಗೇ ಬರತೊಡಗಿತು. ದಪ್ಪಗಿನವಳು, ಓಡಲಾರಳು, ಬಗ್ಗಲಾರಳು ಎಂದು ಅವರ ಲೆಕ್ಕ.

ಒಂದು ಕ್ಷಣ ತೂಕ ಕೂಗಿ ಹೇಳಿದ ದಿನದಂತೆಯೇ ಮುಖ ಬಿಸಿಯಾಯಿತು. ಕಯಲ್‌ವಿಳಿ ಪಕ್ಕಕ್ಕೆ ಬಂದು ಮೆಲ್ಲಗೆ, “ಎಲ್ಲಾಂ ಉನಕ್ಕುತ್ತಾನ್ ವರುದು. ಪಿಡಿ” ಎಂದಳು. ಎಲ್ಲ ನಿನಗೇ ಬರುತ್ತಿವೆ, ಹಿಡಿ.

ಹಿಡಿದೆ. ಎಡಕ್ಕೆ ಹಾಕಿದರು, ಹಿಡಿದೆ. ಕಾಲ ಬುಡಕ್ಕೆ ಹಾಕಿದರು, ಮಂಡಿ ಊರಿ ಹಿಡಿದೆ. ಮೊಣಕಾಲು ತರಚಿದ್ದು ಆಮೇಲೆ ಗೊತ್ತಾಯಿತು. ತಲೆಯ ಮೇಲಿಂದ ದಾಟಿಸಲು ನೋಡಿದರು, ಹಿಂದಕ್ಕೆ ಓಡಿ ಗೆರೆಯ ಒಳಗೇ ಹಿಡಿದೆ. ಹಿಡಿದದ್ದನ್ನೆಲ್ಲ ನನ್ನ ತೋಳಿನಲ್ಲಿ ಇದ್ದಷ್ಟೂ ಬಲ ಹಾಕಿ ವಾಪಸ್ಸು ಕಳಿಸಿದೆ. ಅವರಿಗೆ ತಮ್ಮ ಲೆಕ್ಕ ತಪ್ಪಿದೆಯೆಂದು ತಿಳಿಯುವ ಹೊತ್ತಿಗೆ ನಾವು ಮುಂದೆ ಹೋಗಿದ್ದೆವು. ಗಾಬರಿಯಲ್ಲಿ ಎರಡು ಚೆಂಡು ನೆಟ್ಟಿಗೆ ಹೊಡೆದರು. ಕೊನೆಯದನ್ನು ನಾನು ಎಸೆದಾಗ ಅದು ಅವರ ಕ್ಯಾಪ್ಟನ್ನಿನ ಕೈಗೇ ಹೋಯಿತು. ಹಿಡಿದಳು, ಆದರೆ ವೇಗಕ್ಕೆ ನಿಲ್ಲಲಿಲ್ಲ, ಬೆರಳುಗಳ ನಡುವಿನಿಂದ ಜಾರಿ ನೆಲಕ್ಕೆ ಬಿತ್ತು.

ಗ್ಲೋರಿ ಮಿಸ್ ವಿಸಿಲ್ ಬಾಯಲ್ಲಿಟ್ಟುಕೊಂಡೇ ಅತ್ತರು, ಅದು ಪೀಪೀ ಎಂದು ಸದ್ದು ಮಾಡಿತು. ಅಮ್ಮ ಬ್ಯಾಂಕಿಗೆ ಉಡುವ ಸೀರೆಯಲ್ಲೇ ಅಂಕಣದೊಳಗೆ ಓಡಿ ಬಂದಳು. ಅಮ್ಮ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಚೆ ಕಡೆಯ ಕ್ಯಾಪ್ಟನ್ ಬಂದು ನನ್ನ ಕೈ ಕುಲುಕಿ, ಎಷ್ಟು ವರ್ಷದಿಂದ ಆಡುತ್ತಿದ್ದೀಯ ಎಂದು ಕೇಳಿದಳು. ಒಂದು ವರ್ಷವೂ ಆಗಿಲ್ಲ ಎಂದರೆ ನಂಬಲಿಲ್ಲ.

ಆಮೇಲೆ ಮಿಸ್ ನಮ್ಮನ್ನೆಲ್ಲ ಹತ್ತಿರದ ಒಂದು ಮೆಸ್ಸಿಗೆ ಕರೆದುಕೊಂಡು ಹೋದರು. ಇಕ್ಕಟ್ಟಾದ ಜಾಗ, ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತೆವು. ನನ್ನ ಎಡಕ್ಕೆ ಅಮ್ಮ, ಬಲಕ್ಕೆ ಕಯಲ್‌ವಿಳಿ, ಎದುರಿಗೆ ಗುರುತಿಲ್ಲದ ಯಾರೋ ನಾಲ್ಕು ಜನ. ಎಲೆ ಹಾಕಿ ಬಿಸಿ ಇಡ್ಲಿ ಬಡಿಸಿ ಸಾಂಬಾರು ಸುರಿದರು. ಅಷ್ಟು ಹಸಿವು ನನಗೆ ಯಾವತ್ತೂ ಆಗಿರಲಿಲ್ಲ. ಕಣ್ಣೆತ್ತದೆ ತಿಂದೆ. ಬಡಿಸುವವರು ಮತ್ತೆ ಬಂದು ನಿಂತಾಗ, ಎಲ್ಲರ ಎದುರಿಗೆ, ದೊಡ್ಡ ದನಿಯಲ್ಲಿ, “ಇನ್ನೂ ಎರಡು ಹಾಕಿ” ಎಂದೆ.

ನಿಮ್ಮ,
ಕೃತಿ